ಹೃದಯದ ಬಲಗವಲನ್ನು ಗುರುತಿಸಿದ ಬಗೆ



ಹೃದಯವು ಸಂಕುಚಿಸುವ ಮುನ್ನ ಒಂದು ವಿದ್ಯುತ್ಪ್ರೇರಣೆಯು ಮೇಲಿನ ಹೃತ್ಕರ್ಣಗಳಿಂದ ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿದು, ಎಡ ಬಲವೆಂದು ಎರಡು ಕವಲಾಗಿ ಹರಿಯುತ್ತದೆ. ಈ ಮಾರ್ಗದ ಬುಡವನ್ನು 1893ರಲ್ಲಿ ವಿಲ್ಹೆಲ್ಮ್ ಹಿಸ್ ಅವರು ಕಂಡರು. ಜಪಾನಿನಿಂದ ಜರ್ಮನಿಯ ಮಾರ್ಬುರ್ಗಿಗೆ ಬಂದು ಆಷಾಫ್ ಅವರ ಪ್ರಯೋಗಶಾಲೆಯಲ್ಲಿ ದುಡಿದ ಸುನಾವೊ ತವಾರ ಅವರು ಅದರ ಕವಲುಗಳನ್ನು ಕೊನೆಯ ಎಳೆಯವರೆಗೂ ಹಿಂಬಾಲಿಸಿ 1906ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಐಂಥೋವನ್ ಅವರ ತಂತಿ ಗ್ಯಾಲ್ವನೋಮೀಟರು ಸಿದ್ಧವಾಗಿತ್ತು. ರೋಗಿಯ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಸಿ ಹೃದಯದ ವಿದ್ಯುಲ್ಲೇಖವನ್ನು ಪಡೆಯುತ್ತಿದ್ದ ಕಾಲವದು.

ಕವಲೊಂದು ಕಡಿದುಹೋದರೆ ಲೇಖದಲ್ಲಿ ಏನು ಕಾಣುವುದೆಂದು ವಿಯೆನ್ನಾದಲ್ಲಿ ಎಪ್ಪಿಂಗರ್ ಮತ್ತು ರೋತ್‌ಬರ್ಗರ್ ಅವರು ನಾಯಿಗಳ ಮೇಲೆ ಪರೀಕ್ಷಿಸಿದರು. ಪ್ರಯೋಗವೇನೋ ಶ್ರದ್ಧೆಯಿಂದಲೇ ನಡೆಯಿತು. ಆದರೆ ನಾಯಿಯ ಎದೆಯಲ್ಲಿ ಹೃದಯವಿರುವ ಭಂಗಿಯೇ ಬೇರೆ, ಮನುಷ್ಯನಲ್ಲಿರುವ ಭಂಗಿಯೇ ಬೇರೆಯಾದ್ದರಿಂದ, ಅಲ್ಲಿಯ ಫಲವನ್ನು ಇಲ್ಲಿಗೆ ಅನ್ವಯಿಸಿದ ವೈದ್ಯಲೋಕವು ಸುಮಾರು ಇಪ್ಪತ್ತು ವರ್ಷಕಾಲ ಎಡಗವಲಿನ ತಡೆಯನ್ನು ಬಲದ್ದೆಂದೂ ಬಲದ್ದನ್ನು ಎಡದ್ದೆಂದೂ ಓದುತ್ತ ಬಂದಿತು. 1920ರಲ್ಲಿಯೇ ಫಾರ್ ಎಂಬವರು ಸಂದೇಹವನ್ನೆತ್ತಿದರೂ ಅದಕ್ಕೆ ಮನ್ನಣೆ ದೊರೆಯಲಿಲ್ಲ. ಕಡೆಗೆ 1930ರಲ್ಲಿ ಅಮೆರಿಕದ ಮಿಷಿಗನ್ನಿನ ಬಾರ್ಕರ್, ಮೆಕ್ಲಿಯಡ್, ಅಲೆಕ್ಸಾಂಡರ್ ಎಂಬ ಮೂವರು, ಮಾನವನ ತೆರೆದ ಹೃದಯವನ್ನೇ ನೇರವಾಗಿ ಪ್ರಚೋದಿಸಿ ನೋಡಿದಾಗ ಸತ್ಯವು ಹೊರಬಿದ್ದಿತು. ಅವರೊಡನೆ ದುಡಿದ ಫ್ರಾಂಕ್ ವಿಲ್ಸನ್ ಅವರು ಎದೆಯ ಮೇಲೆ ಇರಿಸುವ ಲೀಡುಗಳೆಂಬ ವಿದ್ಯುತ್ಸಂಪರ್ಕಗಳ ವಿಧಾನವನ್ನು ರೂಪಿಸಿದ ಬಳಿಕ ಈ ಗೊಂದಲವು ನಿಶ್ಶೇಷವಾಗಿ ತೀರಿತು. ಹೃದ್ರೋಗ ವಿಜ್ಞಾನಕ್ಕೆ ಇದಕ್ಕಿಂತ ಹಿರಿದಾದ ಉಪಕಾರಗಳು ವಿರಳವೆಂದೇ ನನ್ನ ಭಾವನೆ.

ಬಲಗವಲಿನ ತಡೆಯನ್ನು ಗುರುತಿಸಲು ಇಂದು ವೈದ್ಯರು ನೋಡುವುದು ಎದೆಮೂಳೆಯ ಬಲಕ್ಕೆ, ನಾಲ್ಕನೆಯ ಪಕ್ಕೆಲುಬಿನ ಸಂದಿನಲ್ಲಿರಿಸಿದ ವಿ-ಒಂದು ಎಂಬ ಲೀಡನ್ನು. ಪ್ರೇರಣೆಯು ಮೊದಲು ನಡುಗೋಡೆಯನ್ನು ಎಡದಿಂದ ಬಲಕ್ಕೆ ದಾಟುವಾಗ ಅಲ್ಲೊಂದು ಪುಟ್ಟ ಏರು; ಎಡ ಹೃತ್ಕುಕ್ಷಿಯು ಎಚ್ಚರಗೊಂಡಾಗ ಒಂದು ಇಳಿತ; ಕವಲು ಕಡಿದುದರಿಂದ ಸ್ನಾಯುವಿನಿಂದ ಸ್ನಾಯುವಿಗೆ ತೆವಳುತ್ತ ಪ್ರೇರಣೆಯು ಬಲ ಹೃತ್ಕುಕ್ಷಿಯನ್ನು ತಡವಾಗಿ ಸೇರಿದಾಗ ಮತ್ತೊಂದು ಎತ್ತರದ ಏರು. ಮೊಲದ ಕಿವಿಗಳೆಂದು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳುವ ಆಕೃತಿಯಿದೇ. ಎದುರು ಪಕ್ಕದ ವಿ-ಆರರಲ್ಲಿ ಅದೇ ವಿಳಂಬವು ಎಸ್ ಎಂಬ ಅಗಲವಾದ ಇಳಿತವಾಗಿ ಕಾಣುತ್ತದೆ. ಈ ಏರಿಳಿತಗಳೆಲ್ಲ ಸೇರಿದ ಇಡೀ ಕ್ಯೂ-ಆರ್-ಎಸ್ ಅಲೆಯು 0.12 ಸೆಕೆಂಡನ್ನು, ಅಂದರೆ ಕಾಗದದ ಮೂರು ಸಣ್ಣ ಚೌಕಗಳನ್ನು, ಮುಟ್ಟಿದರೆ ಅಥವಾ ಮೀರಿದರೆ ತಡೆಯು ಪೂರ್ಣವೆಂದು ಲೆಕ್ಕ.

ಆರೋಗ್ಯವಂತರಲ್ಲಿಯೂ ಈ ತಡೆಯು ಕಂಡುಬರುವುದುಂಟು. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಾಗಲೂ, ಹೃದಯಾಘಾತದಲ್ಲಿಯೂ ಕಂಡುಬರುವುದುಂಟು. ಆದುದರಿಂದ ಶ್ರೋತೃಗಳಲ್ಲಿ ನನ್ನ ವಿನಂತಿ ಇಷ್ಟೇ: ವರದಿಯಲ್ಲಿ ಬಲಗವಲಿನ ತಡೆಯೆಂಬ ಹೆಸರನ್ನು ಕಂಡೊಡನೆ ಗಾಬರಿಯಾಗದಿರಿ, ಎದೆನೋವು, ಏದುಸಿರು, ಮೂರ್ಛೆಗಳಿದ್ದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿರಿ, ನಿಮ್ಮ ಹಳೆಯ ಇ.ಸಿ.ಜಿ.ಯನ್ನು ಜೋಪಾನವಾಗಿಟ್ಟುಕೊಂಡು ವೈದ್ಯರಿಗೆ ತೋರಿಸಿರಿ, ತಡೆಯು ಹಳೆಯದೋ ಹೊಸದೋ ಎಂಬುದನ್ನು ನಿರ್ಣಯಿಸಲು ಅವರಿಗೆ ಅದು ಬೇಕಾಗುತ್ತದೆ.