ಮಕ್ಕಳ ಕಳ್ಳರೆಂಬ ವದಂತಿಯೂ ಬೀಟ್ ಪೊಲೀಸರೂ



2018ರ ಜುಲೈ ತಿಂಗಳು. ಬೀದರ್ ಜಿಲ್ಲೆಗೆ ಬಂದಿದ್ದ ಹೈದರಾಬಾದಿನ ಕೆಲವು ಗೆಳೆಯರು ಹಳ್ಳಿಯೊಂದರ ಬಳಿ ಕಾರು ನಿಲ್ಲಿಸಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಊರವರಿಗೆ ಅನುಮಾನ ಬಂತು. 'ಮಕ್ಕಳ ಕಳ್ಳರು' ಎಂಬ ಸುದ್ದಿ ವಾಟ್ಸಾಪ್‌ನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಗುಂಪು ಅವರನ್ನು ಹಿಡಿದು ಬಡಿಯಿತು. ಯುವ ಇಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ಆ ಜನ ತಿಳಿದಿದ್ದರೇನೋ!

ಹಾಗಾದರೆ ಅನುಮಾನ ಬಂದಾಗ ಸುಮ್ಮನಿರಬೇಕೇ? ಬೇಡ. ಕಾರಿನ ನಂಬರು ಗುರುತು ಹಾಕಿಕೊಂಡು 112ಕ್ಕೆ ಫೋನ್ ಮಾಡಿ. ಸಂದೇಶವನ್ನು ಮುಂದೆ ಕಳುಹಿಸಬೇಡಿ.

ನಮ್ಮ ರಾಜ್ಯದಲ್ಲಿ 2017ರಲ್ಲಿ ಬೀಟ್ ವ್ಯವಸ್ಥೆಯನ್ನು ಸುಧಾರಿಸಲಾಯಿತು. ಠಾಣೆಯ ಸರಹದ್ದನ್ನು ಬೀಟ್‌ಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬ ಸಿಬ್ಬಂದಿಯನ್ನು ಹೊಣೆ ಮಾಡಿ, ಸ್ಥಳೀಯರನ್ನು ಸದಸ್ಯರಾಗಿ ಸೇರಿಸಿಕೊಳ್ಳುವುದು ಅದರ ಕ್ರಮ. ನಿಮ್ಮ ಬೀಟಿನ ಪೊಲೀಸರ ಹೆಸರು ನಿಮಗೆ ಗೊತ್ತೇ? ವದಂತಿ ಹಬ್ಬಿದ ದಿನ ನಿಜ ಕೇಳಲು ಪರಿಚಯದ ಒಬ್ಬರು ಬೇಕು. ('ಅಳಬೇಡ, ಪೊಲೀಸರು ಬರುತ್ತಾರೆ' ಎಂದು ಹೆದರಿಸಿ ಊಟ ಮಾಡಿಸುವ ಮನೆಗಳಲ್ಲಿ ಈ ಪರಿಚಯ ಸುಲಭವಲ್ಲ.) ಬೀಟ್ ಸಭೆಗಳಲ್ಲಿ ಊರ ಹಿರಿಯರಷ್ಟೇ ಕುಳಿತರೆ ಸಾಲದೆಂಬುದು ನನ್ನ ಅಭಿಪ್ರಾಯ. ದೀಪವಿಲ್ಲದ ತಿರುವು ಯಾವುದೆಂದು ಕಾಲೇಜಿಗೆ ನಡೆದುಹೋಗುವ ಹುಡುಗಿಯರನ್ನು ಕೇಳಬೇಕು.

ಇನ್ನೊಂದು ಮಾತು. ಮಕ್ಕಳಿಗೆ ಕೇಡು ಮಾಡುವವರು ಹೆಚ್ಚಾಗಿ ಅಪರಿಚಿತರಲ್ಲ, ಬಲ್ಲವರೇ. ಗೆಳತಿ ಇದ್ದಕ್ಕಿದ್ದಂತೆ ಮಂಕಾಗಿ ಶಾಲೆ ಬಿಟ್ಟರೆ 1098 ಮಕ್ಕಳ ಸಹಾಯವಾಣಿಗೆ ತಿಳಿಸಿ. ಆ ಕರೆಗೆ ದುಡ್ಡಿಲ್ಲ.