ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಪರಿಹಾರ ತಲುಪೋದು ಹೇಗೆ?



ಇವತ್ತಿನ ವಿಷಯ ಕೇಳೋಕೆ ಸ್ವಲ್ಪ ಸಪ್ಪೆ ಅನ್ನಿಸಬಹುದು. ವಿಷಯ ಏನಂದ್ರೆ, ಪಟ್ಟಿ. ನಗರಪಾಲಿಕೆಗಳು ಇಟ್ಟುಕೊಂಡಿರೋ ವ್ಯಾಪಾರಿಗಳ ಹೆಸರಿನ ಪಟ್ಟಿ. ಕೊರೊನಾ ಕಾಲದಲ್ಲಿ ಸಣ್ಣ ವ್ಯಾಪಾರಿಗಳಿಗೆ ಅಂತ ಸರ್ಕಾರಗಳು ಸಾಲ ಕೊಟ್ಟವು, ಸಹಾಯಧನ ಕೊಟ್ಟವು. ಆ ದುಡ್ಡು ಯಾರ ಕೈ ಸೇರಿತು, ಯಾರ ಕೈ ಸೇರಲಿಲ್ಲ ಅನ್ನೋದನ್ನ ಬಹುಮಟ್ಟಿಗೆ ತೀರ್ಮಾನ ಮಾಡಿದ್ದು ಈ ಪಟ್ಟಿ. ನಾನು ಸಾಫ್ಟ್‌ವೇರ್ ಕೆಲಸದವನು, ದಿನಾ ಡೇಟಾಬೇಸ್ ಜೊತೆ ಗುದ್ದಾಡೋನು. ಅದಕ್ಕೇ ಈ ಕಥೆಯಲ್ಲಿ ನನ್ನ ಕಣ್ಣು ಮೊದಲು ಹೋಗೋದು ಅಲ್ಲಿಗೆ.

ಮೊದಲು ನಾನಿರೋ ಮುಂಬೈಯನ್ನೇ ನೋಡೋಣ. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ಜೂನ್ 5ರಿಂದ ಅಂಗಡಿಗಳನ್ನ ತೆರೆಯೋಕೆ ಬಿಟ್ಟರು. ಅದೂ ಹೇಗೆ? ರಸ್ತೆಯ ಒಂದು ಬದಿ ಅಂಗಡಿಗಳು ಒಂದು ದಿನ, ಇನ್ನೊಂದು ಬದಿಯವು ಮಾರನೇ ದಿನ. ಆಗಸ್ಟ್ 5ರವರೆಗೂ ಹೀಗೇ ನಡೀತು. ನಮ್ಮ ಉಡುಪಿ ಹೋಟೆಲುಗಳು ಒಳಗೆ ಗಿರಾಕಿಗಳನ್ನ ಕೂರಿಸೋಕೆ ಅಕ್ಟೋಬರ್ 5ರವರೆಗೆ ಕಾಯಬೇಕಾಯ್ತು, ಆಗಲೂ ಅರ್ಧ ಸೀಟು ಮಾತ್ರ. ಆದರೆ ಅಂಗಡಿಗೆ ಶಟರ್ ಇದೆ, ಲೈಸೆನ್ಸ್ ಇದೆ, ಯಾವ ಬದಿ ಅಂತ ಹೇಳಬಹುದು. ಶಟರೇ ಇಲ್ಲದ ತರಕಾರಿ ಗಾಡಿಯವನು, ವಡಾಪಾವ್ ಗಾಡಿಯವನು, ಹೂವಿನ ಬುಟ್ಟಿ ಇಟ್ಕೊಂಡು ಕೂರೋ ಅಮ್ಮ, ಇವರು ಯಾವ ಲೆಕ್ಕಕ್ಕೆ?

ಇವರಿಗಾಗಿ ಕೇಂದ್ರ ಸರ್ಕಾರ 2020ರ ಜೂನ್ 1ಕ್ಕೆ ಪಿಎಂ ಸ್ವನಿಧಿ ಯೋಜನೆ ತಂತು. ಅಡಮಾನ ಇಲ್ಲದೆ 10,000 ರೂಪಾಯಿ ಸಾಲ, ಒಂದು ವರ್ಷದಲ್ಲಿ ಕಂತಿನ ಮೇಲೆ ತೀರಿಸಬೇಕು. ಸರಿಯಾಗಿ ಕಟ್ಟಿದ್ರೆ ಶೇ. 7ರಷ್ಟು ಬಡ್ಡಿ ಸಹಾಯಧನ ಅವರ ಖಾತೆಗೇ ವಾಪಸ್ ಬರುತ್ತೆ. ಡಿಜಿಟಲ್ ಪಾವತಿ ತಗೊಂಡ್ರೆ ತಿಂಗಳಿಗೆ 100 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್. ಸಾಲ ತೀರಿಸಿದ್ರೆ ಮುಂದೆ 20,000, ಆಮೇಲೆ 50,000.

ಸ್ವಲ್ಪ ಲೆಕ್ಕ ಹಾಕೋಣ. ಬ್ಯಾಂಕ್ ಬಡ್ಡಿ ಶೇ. 12 ಅಂತ ಇಟ್ಕೊಳ್ಳಿ. 10,000ಕ್ಕೆ ತಿಂಗಳ ಕಂತು ಸುಮಾರು 890 ರೂಪಾಯಿ. ಇಡೀ ವರ್ಷದ ಬಡ್ಡಿ ಸುಮಾರು 660. ಅದರಲ್ಲಿ ಸಹಾಯಧನ ಸುಮಾರು 385 ವಾಪಸ್ ಬಂದರೆ, ಕೈಯಿಂದ ಹೋಗೋ ಬಡ್ಡಿ ಮುನ್ನೂರಕ್ಕೂ ಕಡಿಮೆ. ತಿಂಗಳಿಗೆ 200 ಡಿಜಿಟಲ್ ವ್ಯವಹಾರ ಆದ್ರೆ ವರ್ಷದ ಕ್ಯಾಶ್‌ಬ್ಯಾಕೇ 1,200. ಅಂದ್ರೆ ಸಾಲ ಪುಕ್ಕಟೆ ಸಿಕ್ಕಿ ಮೇಲೆ ಒಂಬೈನೂರು ಉಳೀತು. ಮೀಟರ್ ಬಡ್ಡಿಗೆ ಸಾಲ ತಗೊಂಡು ಬೆಳಿಗ್ಗೆ ಮಾಲು ತರೋರಿಗೆ ಇದು ಸಣ್ಣ ವಿಷಯ ಅಲ್ಲ.

ಈಗ ಅಸಲಿ ಪ್ರಶ್ನೆಗೆ ಬರ್ತೀನಿ. ಸಾಲ ಕೊಡೋದು ಬ್ಯಾಂಕ್. ಆದರೆ ಅರ್ಜಿ ಹಾಕಿದವನು ನಿಜವಾಗಿಯೂ ಬೀದಿ ವ್ಯಾಪಾರಿನಾ, 2020ರ ಮಾರ್ಚ್ 24ಕ್ಕೂ ಮುಂಚಿನಿಂದ ವ್ಯಾಪಾರ ಮಾಡ್ತಿದ್ದನಾ ಅಂತ ಹೇಳಬೇಕಾದವರು ಯಾರು? ನಗರಪಾಲಿಕೆ. ಪಾಲಿಕೆ ಎಲ್ಲಿ ನೋಡಿ ಹೇಳಬೇಕು? ತನ್ನ ಪಟ್ಟಿಯಲ್ಲಿ.

ಈ ಪಟ್ಟಿ ಮಾಡೋಕೆ ಕಾನೂನು 2014ರಿಂದಲೇ ಇದೆ. ಬೀದಿ ವ್ಯಾಪಾರಿಗಳ ಕಾಯ್ದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಬೇಕು, ಸಿಕ್ಕವರಿಗೆ ಪ್ರಮಾಣಪತ್ರ ಕೊಡಬೇಕು, ವ್ಯಾಪಾರದ ಜಾಗ ಗುರುತಿಸಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಕಾಗದದ ಮೇಲೆ ಒಳ್ಳೇ ವಿನ್ಯಾಸ. ಮುಂಬೈಯಲ್ಲಿ ಆಗಿದ್ದೇನು? 2014ರ ಸಮೀಕ್ಷೆಯಲ್ಲಿ 99 ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. ಅರ್ಹರು ಅಂತ ಆಗಿದ್ದು ಸುಮಾರು 15 ಸಾವಿರ. ಡೊಮಿಸೈಲ್ ಪ್ರಮಾಣಪತ್ರ ಬೇಕು ಅನ್ನೋ ಷರತ್ತು ದೊಡ್ಡ ಅಡ್ಡಿಯಾಯ್ತು. ಅದಕ್ಕೆ ರಾಜ್ಯದಲ್ಲಿ 15 ವರ್ಷ ವಾಸ ಇದ್ದದ್ದಕ್ಕೆ ದಾಖಲೆ ಬೇಕು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ಇಲ್ಲಿ ದುಡಿಯೋ ನಮ್ಮವರಲ್ಲಿ ಎಷ್ಟು ಜನರ ಹತ್ರ ಅಂಥ ಕಾಗದ ಇರುತ್ತೆ ಅಂತ ನೀವೇ ಯೋಚನೆ ಮಾಡಿ. ವ್ಯಾಪಾರ ಸಮಿತಿಗೆ ಮುಂಬೈಯಲ್ಲಿ ಮತದಾನ ಆಗಿದ್ದು 2024ರ ಆಗಸ್ಟ್‌ನಲ್ಲಿ. ಕಾಯ್ದೆ ಬಂದು ಹತ್ತು ವರ್ಷ ಆದಮೇಲೆ.

ಅಂದ್ರೆ ಕೊರೊನಾ ಬಂದಾಗ ಪಟ್ಟಿ ಅರ್ಧಂಬರ್ಧ ಇತ್ತು. ಊರಲ್ಲಿ ಬೆಂಕಿ ಬಿದ್ದಾಗ ಬಾವಿ ತೋಡೋಕೆ ಹೋದ ಹಾಗೆ.

ಇದರ ಪರಿಣಾಮ ಮುಂದಿನ ವರ್ಷ ಇನ್ನೂ ಚೆನ್ನಾಗಿ ಕಾಣಿಸ್ತು. 2021ರ ಏಪ್ರಿಲ್ 13ಕ್ಕೆ ಮಹಾರಾಷ್ಟ್ರ ಸರ್ಕಾರ ಎರಡನೇ ಅಲೆಯ ನಿರ್ಬಂಧಗಳ ಜೊತೆಗೇ ಬೀದಿ ವ್ಯಾಪಾರಿಗಳಿಗೆ ತಲಾ 1,500 ರೂಪಾಯಿ ಘೋಷಿಸಿತು. ಯಾರಿಗೆ? ನೋಂದಾಯಿತರಾದ 5 ಲಕ್ಷ ಜನಕ್ಕೆ. ಮೇ 19ಕ್ಕೆ ಕರ್ನಾಟಕ ಸರ್ಕಾರ ತಲಾ 2,000 ರೂಪಾಯಿ ಘೋಷಿಸಿತು. ಯಾರಿಗೆ? ಆತ್ಮನಿರ್ಭರ ನಿಧಿಯಲ್ಲಿ, ಅಂದ್ರೆ ಇದೇ ಸ್ವನಿಧಿಯಲ್ಲಿ, ನೋಂದಣಿಯಾದ 2.20 ಲಕ್ಷ ಜನಕ್ಕೆ. ಎರಡೂ ಕಡೆ ಒಂದೇ ಪದ: ನೋಂದಾಯಿತ. ನಾನಂತೂ ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕೋಕೆ ಹೋಗಲ್ಲ. ಖಾತೆಗೆ ದುಡ್ಡು ಹಾಕಬೇಕಂದ್ರೆ ಹೆಸರು, ಆಧಾರ್, ಖಾತೆ ನಂಬರ್ ಬೇಕೇ ಬೇಕು. ಪಟ್ಟಿಯಲ್ಲಿ ಸಾಲು ಇಲ್ಲದವನಿಗೆ ಕಂಪ್ಯೂಟರ್ ದುಡ್ಡು ಕಳಿಸೋಕೆ ಆಗಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಅನ್ಕೋಬೇಡಿ. ಇಂಗ್ಲೆಂಡ್ ನೋಡಿ. ಅಲ್ಲಿ ಅಂಗಡಿ, ಆಫೀಸು ಕಟ್ಟಡಗಳ ಮೇಲೆ ಬಿಸಿನೆಸ್ ರೇಟ್ಸ್ ಅನ್ನೋ ತೆರಿಗೆ ಇದೆ, ವಸೂಲಿ ಮಾಡೋದು ಸ್ಥಳೀಯ ಕೌನ್ಸಿಲ್. ಸಣ್ಣವರಿಗೆ ಆ ತೆರಿಗೆಯಲ್ಲಿ ವಿನಾಯಿತಿ. 2020ರ ಮಾರ್ಚ್‌ನಲ್ಲಿ ಆ ವಿನಾಯಿತಿ ಪಟ್ಟಿಯಲ್ಲಿ ಇದ್ದವರಿಗೆ ಕೌನ್ಸಿಲ್‌ಗಳ ಮೂಲಕ ತಲಾ 10,000 ಪೌಂಡ್ ಕೊಡೋ ತೀರ್ಮಾನ ಆಯ್ತು. ಸಾಲ ಅಲ್ಲ, ಸಹಾಯಧನ. ಪಟ್ಟಿ ಮೊದಲೇ ಸಿದ್ಧ ಇತ್ತು, ಹಾಗಾಗಿ ಹೊಸದಾಗಿ ಯಾರನ್ನೂ ಹುಡುಕಬೇಕಾಗಿರಲಿಲ್ಲ. ಆದರೆ ಅಲ್ಲೂ ಪಟ್ಟಿಯ ಹೊರಗೆ ಜನ ಉಳಿದರು: ಸಂತೆಯಲ್ಲಿ ಮಾರೋರು, ಹಂಚಿಕೊಂಡ ಆಫೀಸಿನಲ್ಲಿ ಕೆಲಸ ಮಾಡೋ ಸಣ್ಣ ಕಂಪನಿಗಳು. ಅವರ ಹೆಸರಲ್ಲಿ ಆ ತೆರಿಗೆಯ ಬಿಲ್ಲೇ ಇರಲಿಲ್ಲ. ಮೇ ತಿಂಗಳಲ್ಲಿ ಅವರಿಗಾಗಿ ಇನ್ನೊಂದು ನಿಧಿ ಮಾಡಿದರು, 61.7 ಕೋಟಿ ಪೌಂಡ್‌ವರೆಗೆ. ಯಾರಿಗೆ ಎಷ್ಟು ಕೊಡಬೇಕು ಅನ್ನೋದರಲ್ಲಿ ಕೌನ್ಸಿಲ್‌ಗಳ ವಿವೇಚನೆಗೆ ಜಾಗ ಬಿಟ್ಟರು.

ಗಮನಿಸಿ, ನಮ್ಮಲ್ಲೂ ಇಂಥದೇ ಒಂದು ಪಕ್ಕದ ಬಾಗಿಲು ಇತ್ತು. ಸ್ವನಿಧಿಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದು. ಅದರ ಹೆಸರು ಶಿಫಾರಸು ಪತ್ರ. ಸಮೀಕ್ಷೆಯಲ್ಲಿ ಬಿಟ್ಟುಹೋದವರು, ಸಮೀಕ್ಷೆ ಆದಮೇಲೆ ವ್ಯಾಪಾರ ಶುರು ಮಾಡಿದವರು, ಪಕ್ಕದ ಹಳ್ಳಿಯಿಂದ ಬಂದು ಪೇಟೆಯಲ್ಲಿ ಮಾರೋರು, ಇವರೆಲ್ಲ ಪಾಲಿಕೆಯಿಂದ ಶಿಫಾರಸು ಪತ್ರ ತಗೊಂಡು ಸಾಲಕ್ಕೆ ಅರ್ಜಿ ಹಾಕಬಹುದು. ವ್ಯಾಪಾರಿ ಸಂಘದ ಸದಸ್ಯತ್ವ ಇದ್ರೆ ಅದನ್ನ ತೋರಿಸಬಹುದು. ಏನೂ ಇಲ್ವಾ? ಬಿಳಿ ಹಾಳೆ ಮೇಲೆ ಅರ್ಜಿ ಬರೆದು ಕೊಟ್ಟರೆ ಪಾಲಿಕೆಯವರು ಸ್ಥಳಕ್ಕೆ ಬಂದು ವಿಚಾರಿಸಿ ಕೊಡಬಹುದು. ಅದಕ್ಕೆ 15 ದಿನದ ಗಡುವು. ಅಂದ್ರೆ ಕಾಗದ ಇಲ್ಲದವನನ್ನ ವಾಪಸ್ ಕಳಿಸೋ ಬದಲು, ಕಾಗದ ಮಾಡಿಕೊಡೋ ಜವಾಬ್ದಾರಿ ಪಾಲಿಕೆ ಮೇಲೆ ಬಂತು. 2025ರ ಜುಲೈ ಕೊನೆಗೆ ದೇಶದಲ್ಲಿ 68 ಲಕ್ಷ ವ್ಯಾಪಾರಿಗಳಿಗೆ 96 ಲಕ್ಷ ಸಾಲ, ಒಟ್ಟು 13,797 ಕೋಟಿ ರೂಪಾಯಿ ಸಂದಾಯವಾಗಿತ್ತು. ಈ ಪಕ್ಕದ ಬಾಗಿಲು ಇಲ್ಲದಿದ್ದರೆ ಆ ಸಂಖ್ಯೆ ಇಷ್ಟು ಆಗ್ತಾನೇ ಇರಲಿಲ್ಲ ಅಂತ ನನ್ನ ಅಭಿಪ್ರಾಯ.

ಹಾಗಂತ ಎಲ್ಲ ಸರಿ ಇತ್ತು ಅಂತಲ್ಲ. ಎರಡು ಕೊರತೆ ಹೇಳಲೇಬೇಕು. ಒಂದು, ಸಾಲ ಅಂದ್ರೆ ಸಾಲವೇ. ಗಿರಾಕಿ ಇಲ್ಲದ ಬೀದಿಯಲ್ಲಿ ಸಾಲ ತಗೊಂಡು ಮಾಲು ತಂದ್ರೆ ಮಾಲು ಕೊಳೆಯುತ್ತೆ, ಕಂತು ನಿಲ್ಲಲ್ಲ. ಬಾಗಿಲು ಮುಚ್ಚಿಸಿದ ತಿಂಗಳುಗಳಿಗೆ ಸಹಾಯಧನ, ಬಾಗಿಲು ತೆರೆದ ಮೇಲೆ ಸಾಲ, ಈ ಕ್ರಮ ಇರಬೇಕಿತ್ತು. ಎರಡು, ಸಾಲ ಕೊಟ್ಟ ಮಾತ್ರಕ್ಕೆ ಜಾಗ ಸಿಗಲ್ಲ. ಒಂದು ಇಲಾಖೆ ಶಿಫಾರಸು ಪತ್ರ ಕೊಡುತ್ತೆ, ಅದೇ ಪಾಲಿಕೆಯ ಇನ್ನೊಂದು ಇಲಾಖೆಯ ಲಾರಿ ಬಂದು ಗಾಡಿ ಎತ್ತಿಕೊಂಡು ಹೋಗುತ್ತೆ. ಗಾಡಿ ಹೋದವನು ಕಂತು ಹೇಗೆ ಕಟ್ಟಬೇಕು? ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡೋವರೆಗೆ ಯಾರನ್ನೂ ಎಬ್ಬಿಸಬಾರದು ಅಂತ 2014ರ ಕಾಯ್ದೆಯೇ ಹೇಳುತ್ತೆ.

ಈಗ ಯಾಕೆ ಈ ಮಾತು, ಕೊರೊನಾ ಮುಗೀತಲ್ಲ ಅಂತ ಕೇಳಬಹುದು. ಈಗಲೇ ಮಾತಾಡಬೇಕು. ಪಟ್ಟಿ ಮಾಡೋಕೆ ಒಳ್ಳೇ ಕಾಲ ಅಂದ್ರೆ ಗಲಾಟೆ ಇಲ್ಲದ ಕಾಲ. ನಾಳೆ ಪ್ರವಾಹ ಬರಬಹುದು, ಇನ್ನೊಂದು ರೋಗ ಬರಬಹುದು, ಆಗಲೂ ದುಡ್ಡು ಹೋಗೋದು ಪಟ್ಟಿ ನೋಡಿಕೊಂಡೇ. ಸ್ವನಿಧಿ ಯೋಜನೆಯನ್ನ 2030ರ ಮಾರ್ಚ್ 31ರವರೆಗೆ ವಿಸ್ತರಿಸಿದ್ದಾರೆ. ಮೊದಲ ಸಾಲ 15,000 ಆಗಿದೆ, ಎರಡನೇದು 25,000.

ಹೊರನಾಡಿನಲ್ಲಿರೋ ನಮ್ಮವರಿಗೆ ಒಂದು ಕೆಲಸ ಹೇಳ್ತೀನಿ. ನೀವು ದಿನಾ ತರಕಾರಿ ತಗೊಳ್ಳೋ ಅಣ್ಣನನ್ನೋ, ಹೂವಿನ ಅಕ್ಕನನ್ನೋ ಮೂರು ಪ್ರಶ್ನೆ ಕೇಳಿ. ನಿಮ್ಮ ಆಧಾರ್‌ಗೆ ಈಗ ಬಳಸೋ ಮೊಬೈಲ್ ನಂಬರೇ ಜೋಡಣೆ ಆಗಿದೆಯಾ? ಪಾಲಿಕೆಯ ಗುರುತಿನ ಚೀಟಿಯೋ ಶಿಫಾರಸು ಪತ್ರವೋ ಇದೆಯಾ? ಬ್ಯಾಂಕ್ ಖಾತೆ ಚಾಲ್ತಿಯಲ್ಲಿದೆಯಾ? ಮೊದಲನೆಯದು ಇಲ್ಲದಿದ್ರೆ ಓಟಿಪಿ ಬರಲ್ಲ, ಅರ್ಜಿ ಅಲ್ಲೇ ನಿಂತುಬಿಡುತ್ತೆ. ಕನ್ನಡ ಬಿಟ್ಟು ಬೇರೆ ಭಾಷೆ ಓದೋಕೆ ಬರದವರಾದ್ರೆ ಒಂದು ಅರ್ಧ ದಿನ ಅವರ ಜೊತೆ ವಾರ್ಡ್ ಆಫೀಸಿಗೆ ಹೋಗಿ ಬನ್ನಿ. ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ತಗೊಳ್ಳೋದು ಮರೀಬೇಡಿ, 15 ದಿನದ ಲೆಕ್ಕ ಶುರುವಾಗೋದು ಅಲ್ಲಿಂದ.