ತಳಪೊರೆಯನ್ನು ಕರಗಿಸುವ ಕಿಣ್ವ

ಗರ್ಭಕಂಠದ ಕ್ಯಾನ್ಸರಿನ ಪ್ರಸ್ತಾಪ ಈ ಮಾಲಿಕೆಯಲ್ಲಿ ಬಂದಂದಿನಿಂದ ಶ್ರೋತೃಗಳ ಪತ್ರಗಳಲ್ಲಿ ಒಂದೇ ಆತಂಕ ಮತ್ತೆ ಮತ್ತೆ ತಲೆಯೆತ್ತುತ್ತಿದೆ: ಪರೀಕ್ಷೆಗೆಂದು ವೈದ್ಯರು ಚೂರು ಮಾಂಸವನ್ನು ತೆಗೆದರೆ, ಕಬ್ಬಿಣ ತಾಗಿದ ಹುಣ್ಣು ಕೆರಳಿ ರೋಗ ಮೈಗೆಲ್ಲ ಹರಡುವುದಿಲ್ಲವೆ? ಈ ಭೀತಿಗೆ ಆಧಾರವಿಲ್ಲ. ಹರಡುವುದಕ್ಕೆ ಆ ರೋಗಕ್ಕೆ ನಮ್ಮ ಚಾಕುವಿನ ಹಂಗೇ ಬೇಡ.

ಅದರ ಆಯುಧ ಮ್ಯಾಟ್ರಿಕ್ಸ್ ಮೆಟಲೋಪ್ರೋಟಿಯೇಸ್ ಎಂಬ ಕಿಣ್ವವರ್ಗ. 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಲಾಪಿಯೇರ್ ಎಂಬ ವಿಜ್ಞಾನಿಗಳು, ಗೊದಮೊಟ್ಟೆಯ ಬಾಲ ಹೇಗೆ ಕರಗಿಹೋಗುವುದೆಂದು ಶೋಧಿಸುತ್ತ, ಈ ವರ್ಗದ ಮೊದಲ ಕಿಣ್ವವನ್ನು ಕಂಡರು. ಗಾಯವನ್ನು ಮಾಗಿಸುವುದರಲ್ಲಿಯೂ ತಿಂಗಳಿಗೊಮ್ಮೆ ಗರ್ಭಕೋಶದ ಒಳಪದರವನ್ನು ಕಳಚುವುದರಲ್ಲಿಯೂ ಅದಕ್ಕೆ ಪಾಲುಂಟು. ಸ್ವತಃ ಅದು ಶತ್ರುವಲ್ಲ.

ಗರ್ಭಕಂಠದ ಮೇಲ್ಪದರದ ಕೆಳಗೆ ನಾಲ್ಕನೆಯ ವಿಧದ ಕೊಲಾಜೆನ್ ಹೆಣೆದುಕೊಂಡ ತೆಳುವಾದ ತಳಪೊರೆಯೊಂದಿದೆ. ಪ್ಯಾಪಿಲೋಮಾ ವೈರಸ್ಸಿನಿಂದ ಕೆಟ್ಟ ಜೀವಕೋಶಗಳು ವರ್ಷಗಟ್ಟಲೆ ಆ ಪೊರೆಯ ಮೇಲೆಯೇ ಉಳಿದಿರಬಹುದು. ಉಳಿದಿರುವ ತನಕ ಅದು ರೋಗದ ಪೂರ್ವಾವಸ್ಥೆ ಮಾತ್ರ. ಆದರೆ ಈ ವರ್ಗದ ಎರಡನೆಯ ಮತ್ತು ಒಂಬತ್ತನೆಯ ಕಿಣ್ವಗಳು, ಗೆದ್ದಲು ಸದ್ದಿಲ್ಲದೆ ಹೊಸಿಲನ್ನು ತಿನ್ನುವಂತೆ, ಆ ಕೊಲಾಜೆನ್ನನ್ನು ಕತ್ತರಿಸುತ್ತವೆ. ಅದಕ್ಕಿಂತಲೂ ಸೋಜಿಗವೆಂದರೆ, ಈ ಕಿಣ್ವದ ಎಷ್ಟೋ ಪಾಲನ್ನು ರೋಗಕೋಶವು ನೆರೆಯ ಆರೋಗ್ಯವಂತ ಕೋಶಗಳನ್ನು ಪುಸಲಾಯಿಸಿ ಅವುಗಳಿಂದಲೇ ಒದಗಿಸಿಕೊಳ್ಳುತ್ತದೆ. ಕಿಣ್ವಕ್ಕೆ ಕಡಿವಾಣ ಹಾಕಬೇಕಾದ ದೇಹದ ಪ್ರತಿಬಂಧಕಗಳು ಆಗ ಸಾಲದೆ ಹೋಗುತ್ತವೆ.

ಸರಳವಾಗಿ ಮತ್ತೊಮ್ಮೆ ಹೇಳುತ್ತೇನೆ. ಪೊರೆ ಇರುವ ತನಕ ಕೆಟ್ಟ ಕೋಶ ಇದ್ದಲ್ಲಿಯೇ ಇರುತ್ತದೆ. ಪೊರೆ ಹರಿದ ಮೇಲೆ ದುಗ್ಧನಾಳ, ಅಲ್ಲಿಂದ ಕಿಬ್ಬೊಟ್ಟೆಯ ಗ್ರಂಥಿಗಳು, ಆಮೇಲೆ ದೂರದ ಅಂಗಗಳು. ಹರಿಯುವುದು ಕಿಣ್ವದಿಂದ, ಚಾಕುವಿನಿಂದಲ್ಲ. ‘ಚೂರು ತೆಗೆದಮೇಲೆಯೇ ಹೆಚ್ಚಾಯಿತು’ ಎಂದು ದೂರುವವರಲ್ಲಿ ಅನೇಕರು ಪೊರೆ ಹರಿದು ಎಷ್ಟೋ ಕಾಲವಾದಮೇಲೆ ಬಂದವರೆಂಬುದನ್ನು ವಾರ್ಡುಗಳಲ್ಲಿ ಕಂಡು ಕಂಡು ನಾನು ಬೇಸತ್ತಿದ್ದೇನೆ. ಪೊರೆ ಹರಿದಿದೆಯೋ ಇಲ್ಲವೋ ಎಂಬುದನ್ನು ಸೂಕ್ಷ್ಮದರ್ಶಕದಡಿಯಲ್ಲಿ ನುಡಿಯಬಲ್ಲ ಸಾಕ್ಷಿ ಆ ಚೂರೇ.

ಕಿಣ್ವವನ್ನೇ ತಡೆಯುವ ಗುಳಿಗೆಯಿಲ್ಲವೆ ಎಂದು ಕೇಳುವಿರಿ. ಮಾರಿಮಾಸ್ಟಾಟ್ ಮೊದಲಾದವನ್ನು ಹಲವು ಕ್ಯಾನ್ಸರುಗಳಲ್ಲಿ ಪ್ರಯೋಗಿಸಿ ನೋಡಿದರು. ಕೀಲುನೋವು ಬಂದಿತು, ನಿರೀಕ್ಷಿಸಿದ ಫಲ ಬರಲಿಲ್ಲ.

ನನಗಿತ್ತ ವೇಳೆ ಮುಗಿಯುತ್ತ ಬಂದುದರಿಂದ ಸಲಹೆಯನ್ನು ಸಂಕ್ಷೇಪಿಸುತ್ತೇನೆ: 9ರಿಂದ 14 ವರ್ಷದ ಹುಡುಗಿಯರಿಗೆ ಪ್ಯಾಪಿಲೋಮಾ ವೈರಸ್ಸಿನ ವಿರುದ್ಧದ ಲಸಿಕೆ, 30 ದಾಟಿದ ಸ್ತ್ರೀಯರಿಗೆ, ಲಸಿಕೆಯಾಗಿದ್ದರೂ, ನೋವಿಲ್ಲದಿದ್ದರೂ, ಗರ್ಭಕಂಠದ ತಪಾಸಣೆ, ಮುಟ್ಟು ನಿಂತಮೇಲೆ ಇಲ್ಲವೆ ಸಮಾಗಮದ ತರುವಾಯ ರಕ್ತ ಕಂಡರೆ, ನೆರೆಮನೆಯವರ ಕಷಾಯಕ್ಕೆ ಕಾಯದೆ ಆ ವಾರವೇ ವೈದ್ಯರ ಬಳಿಗೆ ಹೋಗತಕ್ಕದ್ದು.